ಮೇಡೇ: ಕೂಗಿದವರಿಗೆ ಓಗೊಡಲೇಬೇಕು

2025ರ ಜೂನ್ 12ರ ಮಧ್ಯಾಹ್ನ 1 ಗಂಟೆ 39 ನಿಮಿಷ 5 ಸೆಕೆಂಡಿಗೆ ಅಹಮದಾಬಾದ್ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರದಲ್ಲಿ ಒಂದು ಕೂಗು ಕೇಳಿಸಿತು: ‘ಮೇಡೇ, ಮೇಡೇ, ಮೇಡೇ’. ಲಂಡನ್ನಿಗೆಂದು ಆಗಷ್ಟೇ ನೆಲ ಬಿಟ್ಟಿದ್ದ ಏರ್ ಇಂಡಿಯಾ 171ರ ಪೈಲಟ್ ಒಬ್ಬರ ದನಿ ಅದು. ಕರೆದ ವಿಮಾನ ಯಾವುದೆಂದು ಗೋಪುರದಲ್ಲಿದ್ದವರು ವಿಚಾರಿಸಿದರು. ಉತ್ತರ ಬರಲಿಲ್ಲ. ಕೂಗಿದ ಆರನೇ ಸೆಕೆಂಡಿಗೆ ವಿಮಾನದ ದಾಖಲೆ ಯಂತ್ರವೇ ನಿಂತುಹೋಯಿತು ಎನ್ನುತ್ತದೆ ತನಿಖೆಯ ಪ್ರಾಥಮಿಕ ವರದಿ. ವಿಮಾನದಲ್ಲಿದ್ದ 242 ಮಂದಿಯಲ್ಲಿ ಉಳಿದದ್ದು ಒಬ್ಬರೇ.

ಅಲ್ಲಿಯವರೆಗೆ ವಿಮಾನದವರು, ಹಡಗಿನವರು ಮಾತ್ರ ಬಳಸುತ್ತಿದ್ದ ಈ ಪದ ಆ ವಾರ ಕನ್ನಡ ಪತ್ರಿಕೆಗಳ ತಲೆಬರಹಕ್ಕೂ ಬಂತು, ಟಿ.ವಿ. ಚರ್ಚೆಗಳಲ್ಲೂ ಮತ್ತೆ ಮತ್ತೆ ಕೇಳಿಸಿತು. ಮೇ ಒಂದರ ಕಾರ್ಮಿಕ ದಿನಕ್ಕೂ ಇದಕ್ಕೂ ಏನು ನಂಟು ಎಂದು ಕೇಳಿದವರೂ ಇದ್ದರು. ಏನೂ ಇಲ್ಲ. ಕಾರ್ಮಿಕರ ಮೇ ದಿನಕ್ಕಾಗಲಿ, ಯುರೋಪಿನ ಹಳ್ಳಿಗಳಲ್ಲಿ ವಸಂತದ ಹಬ್ಬವಾಗಿ ಆಚರಿಸುವ ಮೇ ದಿನಕ್ಕಾಗಲಿ ಈ ಕೂಗು ಸೇರಿದ್ದಲ್ಲ. ಇದು ಹುಟ್ಟಿದ್ದು ನೂರು ವರ್ಷದ ಹಿಂದೆ, ಲಂಡನ್ನಿನ ದಕ್ಷಿಣಕ್ಕಿದ್ದ ಒಂದು ವಿಮಾನ ನಿಲ್ದಾಣದ ರೇಡಿಯೊ ಕೋಣೆಯಲ್ಲಿ. ಅದಕ್ಕೂ ಮೊದಲು ಬೇರೆ ಎರಡು ಕೂಗುಗಳು ಚಾಲ್ತಿಯಲ್ಲಿದ್ದವು. ಕತೆಯನ್ನು ಅಲ್ಲಿಂದಲೇ ಶುರುಮಾಡಬೇಕು.

ಚುಕ್ಕಿ ಗೆರೆಗಳ ಕಾಲ

ನಡುಗಡಲಿನಲ್ಲಿ ಹಡಗು ಅಪಾಯಕ್ಕೆ ಸಿಕ್ಕರೆ ತೋಪು ಹಾರಿಸುವುದು, ಬೆಂಕಿಬಾಣ ಬಿಡುವುದು, ಬಾವುಟ ಏರಿಸುವುದು ಹಿಂದಿನಿಂದ ಬಂದ ಪದ್ಧತಿ. ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಹಡಗಿದ್ದರೆ ಜೀವ ಉಳಿಯಿತು, ಇಲ್ಲದಿದ್ದರೆ ಇಲ್ಲ. ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಮಾರ್ಕೋನಿಯ ನಿಸ್ತಂತು ತಂತಿ ಯಂತ್ರ ಹಡಗುಗಳಿಗೆ ಬಂದ ಮೇಲೆ ನೂರಾರು ಮೈಲಿ ದೂರಕ್ಕೆ ಸುದ್ದಿ ಮುಟ್ಟಿಸುವುದು ಸಾಧ್ಯವಾಯಿತು. ಆದರೆ ಅಪಾಯದ ಸುದ್ದಿಯನ್ನು ಉಳಿದ ಸುದ್ದಿಯಿಂದ ಬೇರ್ಪಡಿಸಿ ಹೇಳುವ ಗುರುತು ಯಾವುದು?

ಮಾರ್ಕೋನಿ ಕಂಪನಿ 1904ರಲ್ಲಿ ತನ್ನ ತಂತಿಯಾಳುಗಳಿಗೆ ಒಂದು ಗುರುತು ಗೊತ್ತುಮಾಡಿತು: ಸಿ, ಕ್ಯೂ, ಡಿ. ಮೊದಲ ಎರಡು ಅಕ್ಷರಗಳು ನೆಲದ ಮೇಲಿನ ತಂತಿ ಕಚೇರಿಗಳಲ್ಲಿ ‘ಎಲ್ಲರೂ ಕೇಳಿ’ ಎನ್ನಲು ಬಳಕೆಯಲ್ಲಿದ್ದವು. ಅದಕ್ಕೆ ‘ಡಿಸ್ಟ್ರೆಸ್’ ಎಂಬ ಪದದ ಡಿ ಸೇರಿತು. ಸಂಕಟ, ವಿಪತ್ತು ಎಂದು ನಾವು ಅರ್ಥ ಹೇಳುವ ಈ ‘ಡಿಸ್ಟ್ರೆಸ್’ಗೆ ಬಿಗಿಯಾಗಿ ಎಳೆದು ಕಟ್ಟು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದವೇ ಮೂಲ. ಇಂಗ್ಲಿಷ್ ಕಾನೂನಿನಲ್ಲಿ ಬಾಡಿಗೆ ಕೊಡದವನ ಸಾಮಾನು ಜಪ್ತಿ ಮಾಡುವುದಕ್ಕೂ ಇದೇ ಪದವಿತ್ತು. ಅಧಿಕಾರದ ಹಿಡಿತಕ್ಕೆ ಒಳಪಟ್ಟ ಸೀಮೆ ಎಂಬ ಅರ್ಥದಲ್ಲಿ ಬಂದ ‘ಡಿಸ್ಟ್ರಿಕ್ಟ್’ ಕೂಡ ಅದೇ ಬೇರಿನದು. ನಮ್ಮ ಡಿಸ್ಟ್ರಿಕ್ಟ್ ಆಫೀಸಿಗೂ ಕಡಲಿನ ಕೂಗಿಗೂ ಹೀಗೊಂದು ದೂರದ ನೆಂಟಸ್ತಿಕೆ.

ಮಾರ್ಕೋನಿ ಗುರುತು ಮಾರ್ಕೋನಿ ಯಂತ್ರದವರಿಗೆ ಮಾತ್ರ ಸೇರಿದ್ದಾಗಿತ್ತು. ಜರ್ಮನಿಯವರು 1905ರಲ್ಲಿ ತಮ್ಮದೇ ಇನ್ನೊಂದನ್ನು ತಂದರು: ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ, ನಡುವೆ ಬಿಡುವಿಲ್ಲದೆ. ಮೋರ್ಸ್ ಲಿಪಿಯಲ್ಲಿ ಅದನ್ನು ಎಸ್‌ಒಎಸ್ ಎಂದು ಓದಬಹುದು, ಅಷ್ಟೆ. ‘ನಮ್ಮ ಜೀವ ಉಳಿಸಿ’, ‘ನಮ್ಮ ಹಡಗು ಉಳಿಸಿ’ ಎಂಬ ವಿಸ್ತರಣೆಗಳೆಲ್ಲ ಜನ ಆಮೇಲೆ ಹೊಂದಿಸಿಕೊಂಡವು. ಗದ್ದಲದ ನಡುವೆಯೂ ತಪ್ಪದೆ ಗುರುತು ಹಿಡಿಯಬಹುದಾದ ಲಯ ಅದಕ್ಕಿತ್ತು. ಹೊಸಬನ ಕೈಗೂ ಸುಲಭ, ದಣಿದವನ ಕಿವಿಗೂ ಸುಲಭ. 1906ರ ಬರ್ಲಿನ್ ಸಮ್ಮೇಳನ ಅದನ್ನೇ ಎಲ್ಲ ದೇಶಗಳ ಗುರುತಾಗಿ ಒಪ್ಪಿತು, 1908ರ ಜುಲೈ 1ರಿಂದ ಜಾರಿಗೆ ಬಂತು. ಆದರೂ ಮಾರ್ಕೋನಿ ತಂತಿಯಾಳುಗಳು ಹಳೆಯ ಅಭ್ಯಾಸ ಬಿಡಲಿಲ್ಲ.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಿಮಗಡ್ಡೆಗೆ ಬಡಿದಾಗ ಯಂತ್ರದ ಮುಂದೆ ಕೂತಿದ್ದ ಜ್ಯಾಕ್ ಫಿಲಿಪ್ಸ್ ಮೊದಲು ಕಳಿಸಿದ್ದು ಸಿಕ್ಯೂಡಿ. ಪಕ್ಕದಲ್ಲಿದ್ದ ಕಿರಿಯ ಸಹಾಯಕ ಹೆರಾಲ್ಡ್ ಬ್ರೈಡ್, ಹೊಸದು ಬಂದಿದೆಯಲ್ಲ, ಅದನ್ನೂ ಕಳಿಸಿನೋಡು, ಮತ್ತೆ ಕಳಿಸುವ ಅವಕಾಶ ಸಿಗುತ್ತದೋ ಇಲ್ಲವೋ ಎಂದು ತಮಾಷೆ ಮಾಡಿದ. ಫಿಲಿಪ್ಸ್ ಎರಡನ್ನೂ ಬದಲಿಸಿ ಬದಲಿಸಿ ಕಳಿಸಿದ. ಬ್ರೈಡ್ ಬದುಕಿ ಬಂದು ಈ ಮಾತನ್ನು ಹೇಳಿದ, ಫಿಲಿಪ್ಸ್ ಬರಲಿಲ್ಲ.

ಆ ರಾತ್ರಿಯ ನಿಜವಾದ ಪಾಠ ಇರುವುದು ಕೇಳಿಸಿಕೊಂಡವರ ಕಡೆ. ಕಾರ್ಪೇಥಿಯಾ ಎಂಬ ಹಡಗಿನ ತಂತಿಯಾಳು ಹೆರಾಲ್ಡ್ ಕಾಟಮ್ ಮಲಗುವ ಸಿದ್ಧತೆಯಲ್ಲಿದ್ದ, ಆದರೆ ಕಿವಿಗೆ ಹಾಕಿದ್ದ ಯಂತ್ರವನ್ನು ಇನ್ನೂ ತೆಗೆದಿರಲಿಲ್ಲ. ಹಾಗಾಗಿ ಕೂಗು ಕೇಳಿಸಿತು, ಹಡಗು ತಿರುಗಿತು, ಏಳುನೂರಕ್ಕೂ ಹೆಚ್ಚು ಜೀವ ಉಳಿಯಿತು. ಅದಕ್ಕಿಂತ ಬಹಳ ಹತ್ತಿರದಲ್ಲಿ ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗು ನಿಂತಿತ್ತು. ಅದರಲ್ಲಿದ್ದ ಒಬ್ಬನೇ ತಂತಿಯಾಳು ದಿನದ ಕೆಲಸ ಮುಗಿಸಿ ಯಂತ್ರ ಆರಿಸಿ ಮಲಗಿದ್ದ. ಸುಮಾರು ಒಂದೂವರೆ ಸಾವಿರ ಜನ ತಣ್ಣೀರಿನಲ್ಲಿ ಸತ್ತರು. 1914ರಲ್ಲಿ ಲಂಡನ್ನಿನಲ್ಲಿ ಸಹಿಯಾದ ಕಡಲ ಜೀವರಕ್ಷಣೆಯ ಒಪ್ಪಂದ ಹಡಗಿನ ರೇಡಿಯೊ ಪಹರೆಯನ್ನೂ, ಕೂಗು ಕೇಳಿದ ಹಡಗು ನೆರವಿಗೆ ಹೋಗುವುದನ್ನೂ ಕಟ್ಟಳೆಯಾಗಿಸಿತು. ಅದರ ಜಾಗದಲ್ಲಿ ಆಮೇಲೆ ಬಂದ ಹೊಸ ಒಪ್ಪಂದಗಳಲ್ಲಿ ಆ ಕಟ್ಟಳೆಗಳು ಇಂದಿಗೂ ನಡೆದುಕೊಂಡು ಬಂದಿವೆ.

ಕ್ರಾಯ್ಡನ್ನಿನ ಕೋಣೆಯಲ್ಲಿ

ಮೊದಲ ಮಹಾಯುದ್ಧದ ನಂತರ ವಿಮಾನದಲ್ಲಿ ಜನ ಓಡಾಡತೊಡಗಿದರು. ಲಂಡನ್ನಿನ ವಿಮಾನ ನಿಲ್ದಾಣ 1920ರಿಂದ ಕ್ರಾಯ್ಡನ್‌ನಲ್ಲಿತ್ತು. ಅಲ್ಲಿಂದ ಹೊರಡುವ ವಿಮಾನಗಳಲ್ಲಿ ಬಹುಪಾಲು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಪ್ಯಾರಿಸ್ಸಿನ ಲೆ ಬೂರ್ಜೆ ನಿಲ್ದಾಣಕ್ಕೆ ಹೋಗುತ್ತಿದ್ದವು. ಪೈಲಟ್ ಒಂದು ಕೈಯಲ್ಲಿ ವಿಮಾನ ಹಿಡಿದು ಇನ್ನೊಂದರಲ್ಲಿ ಮೋರ್ಸ್ ಕುಟ್ಟುತ್ತ ಕೂರಲಾರ. ಆ ಹೊತ್ತಿಗೆ ರೇಡಿಯೊದಲ್ಲಿ ಮಾತನ್ನೇ ಕಳಿಸುವ ಯಂತ್ರ ಬಂದಿತ್ತು. ಚುಕ್ಕಿ ಗೆರೆ ಹೋಗಿ ಮಾತು ಬಂದಾಗ ಎಸ್‌ಒಎಸ್ ಅನ್ನು ಬಾಯಲ್ಲಿ ಹೇಳಬೇಕಾಯಿತು. ತೊಡಕು ಶುರುವಾದದ್ದು ಅಲ್ಲಿ.

ಬ್ಯಾಂಕಿನವರಿಗೆ ಫೋನಿನಲ್ಲಿ ಹೆಸರು ಬರೆಸುವಾಗ ‘ಎಸ್, ಸುರೇಶನ ಎಸ್’ ಎಂದು ಒತ್ತಿ ಹೇಳಬೇಕಾಗುತ್ತದಲ್ಲ, ಅದೇ ತೊಡಕು. ಸಕಾರದ ಸದ್ದು ಇರುವುದು ಬಹುಪಾಲು ಮೇಲಿನ ಕಂಪನಗಳಲ್ಲಿ. ಫೋನು, ರೇಡಿಯೊಗಳು ಆ ಮೇಲಿನ ಭಾಗವನ್ನು ಕತ್ತರಿಸಿ ಕಳಿಸುತ್ತವೆ. ಉಳಿದದ್ದು ರೇಡಿಯೊದ ಸಹಜ ‘ಸ್ಸ್’ ಸದ್ದಿನಲ್ಲೇ ಕರಗಿಹೋಗುತ್ತದೆ. ಎಸ್ ಎಂದದ್ದು ಎಫ್ ಎಂದು ಕೇಳಿಸುತ್ತದೆ, ಕೆಲವೊಮ್ಮೆ ಏನೂ ಕೇಳಿಸುವುದಿಲ್ಲ. ಎಂಜಿನ್ನಿನ ಅಬ್ಬರದ ನಡುವೆ, ಗಾಬರಿಯ ದನಿಯಲ್ಲಿ ಹೇಳಿದರಂತೂ ಮುಗಿದೇ ಹೋಯಿತು.

ಕ್ರಾಯ್ಡನ್ನಿನ ಹಿರಿಯ ರೇಡಿಯೊ ಅಧಿಕಾರಿ ಫ್ರೆಡರಿಕ್ ಸ್ಟ್ಯಾನ್ಲಿ ಮಾಕ್‌ಫರ್ಡ್ ಅವರಿಗೆ ಈ ಕೆಲಸ ಬಂತು. ಬೇಕಾದದ್ದು ಅಪಾಯದ ಹೊತ್ತಿನಲ್ಲಿ ಯಾವ ಪೈಲಟ್ ಹೇಳಿದರೂ ನೆಲದ ಮೇಲಿನ ಎಲ್ಲರಿಗೂ ಅರ್ಥವಾಗುವ ಒಂದು ಪದ. ಕೇಳುವವರು ಎರಡು ಕಡೆ ಇದ್ದರು: ಈ ದಡದಲ್ಲಿ ಇಂಗ್ಲಿಷಿನವರು, ಆ ದಡದಲ್ಲಿ ಫ್ರೆಂಚಿನವರು. ಇಂಗ್ಲಿಷಿನ ‘ಹೆಲ್ಪ್’ ಎಂದರೆ ಫ್ರೆಂಚರಿಗೆ ತಿಳಿಯದು. ಮೇಲಾಗಿ ಆ ಪದ ದಿನಬೆಳಗಾದರೆ ನೂರು ಸಣ್ಣಪುಟ್ಟ ಕೆಲಸಕ್ಕೆ ಬಳಕೆಯಾಗುವಂಥದ್ದು. ಮಾಕ್‌ಫರ್ಡ್ ಫ್ರೆಂಚಿನಲ್ಲಿ ‘ನನಗೆ ನೆರವಾಗು’ ಎಂಬುದರ ಉಚ್ಚಾರವನ್ನೇ ತೆಗೆದುಕೊಂಡು ಇಂಗ್ಲಿಷ್ ಕಿವಿಗೆ ಹೊಂದುವಂತೆ ‘ಮೇಡೇ’ ಎಂದರು. ಫ್ರೆಂಚಿನವನಿಗೆ ಅರ್ಥವಾಯಿತು, ಇಂಗ್ಲಿಷಿನವನಿಗೆ ಹೇಳಲು ಸುಲಭವಾಯಿತು. ಮಕಾರ, ಡಕಾರ, ಉದ್ದನೆಯ ಏಕಾರ, ಮೂರೂ ದನಿ ತುಂಬಿದ ಸದ್ದುಗಳು, ಗದ್ದಲದಲ್ಲೂ ಮುರಿಯುವುದಿಲ್ಲ. 1923ರ ಫೆಬ್ರುವರಿಯಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ, ಫೋನಿನಲ್ಲಿ ಎಸ್ ಅಕ್ಷರ ಸರಿಯಾಗಿ ಕೇಳಿಸದ ಕಾರಣ ವಿಮಾನಗಳಿಗೆ ಈ ಹೊಸ ಪದ ಬರುತ್ತಿದೆ ಎಂದು ವರದಿ ಮಾಡಿತು.

ವ್ಯಾಕರಣ ಹಿಡಿದು ನೋಡಿದರೆ ಇದು ಅರ್ಧ ಫ್ರೆಂಚ್. ನೆರವಾಗಿ ಎಂದು ಕೇಳಿಕೊಳ್ಳುವ ಫ್ರೆಂಚಿನವನು ‘ಎಡೇ ಮುವಾ’ ಎನ್ನುತ್ತಾನೆ. ‘ಮೇಡೇ’ ಎಂಬ ಉಚ್ಚಾರ ಬರುವುದು ‘ನನಗೆ ನೆರವಾಗಲು ಬನ್ನಿ’ ಎಂಬ ಇಡೀ ವಾಕ್ಯದ ತುದಿಯಲ್ಲಿ. 1927ರ ವಾಷಿಂಗ್ಟನ್ ರೇಡಿಯೊ ಸಮ್ಮೇಳನ ಈ ಪದವನ್ನು ಮಾತಿನ ರೇಡಿಯೊಗೆ ಅಂತರರಾಷ್ಟ್ರೀಯ ಗುರುತಾಗಿ ಒಪ್ಪಿದಾಗ, ಇದನ್ನು ಆ ಫ್ರೆಂಚ್ ರೂಪದಂತೆಯೇ ಉಚ್ಚರಿಸಬೇಕು ಎಂದು ನಿಯಮದಲ್ಲೇ ಬರೆಯಿತು. ನೆರವು ಎಂಬ ಅರ್ಥದ ಆ ಫ್ರೆಂಚ್ ಧಾತು ನಮಗೆ ತೀರಾ ಹೊಸದೇನಲ್ಲ. ರಾಜ್ಯಪಾಲರ ಹಿಂದೆ ಸಮವಸ್ತ್ರದಲ್ಲಿ ನಿಲ್ಲುವ ಎಡಿಸಿ ಎಂಬ ಅಧಿಕಾರಿಯ ಹುದ್ದೆಯ ಹೆಸರಿನಲ್ಲಿ ಮೊದಲ ಅಕ್ಷರ ಅದರಿಂದಲೇ ಬಂದದ್ದು.

ಮೂರು ಸಲವೇ ಏಕೆ?

ಮೇಡೇ ಎಂದು ಒಮ್ಮೆ ಹೇಳಿದರೆ ಕರೆ ಆಗುವುದಿಲ್ಲ, ಮೂರು ಸಲ ಹೇಳಬೇಕು. ರೇಡಿಯೊದ ಗದ್ದಲದಲ್ಲಿ ಒಂದು ತಪ್ಪಿದರೆ ಇನ್ನೊಂದು ಕಿವಿಗೆ ಬೀಳಲಿ ಎಂಬುದು ಒಂದು ಕಾರಣ. ಇನ್ನೊಂದು: ಎಲ್ಲೋ ಮೇಡೇ ಕರೆ ಬಂದಿದೆ ಎಂದು ಬೇರೆಯವರು ಮಾತಾಡಿಕೊಳ್ಳುವಾಗಲೂ ಆ ಪದ ಬಂದೇ ಬರುತ್ತದೆ. ಸುದ್ದಿ ಯಾವುದು, ಕೂಗು ಯಾವುದು ಎಂದು ತಿಳಿಯಬೇಕಲ್ಲ.

ಆಮೇಲೆ ಹೇಳಬೇಕಾದ್ದಕ್ಕೂ ಒಂದು ಕ್ರಮವಿದೆ. ಹಡಗಾದರೆ ಹೆಸರು ಮೂರು ಸಲ. ಬಳಿಕ ಎಲ್ಲಿದ್ದೇವೆ, ಏನಾಗಿದೆ, ಎಂಥ ನೆರವು ಬೇಕು, ಎಷ್ಟು ಜನರಿದ್ದೇವೆ. ನಡುವೆ ಯಂತ್ರ ಕೈಕೊಟ್ಟರೂ ಹುಡುಕಿ ಹೋಗುವವರ ಕೈಯಲ್ಲಿ ಜಾಗದ ಗುರುತಾದರೂ ಉಳಿಯಲಿ ಎಂದು ಜಾಗವನ್ನು ಮೊದಲೇ ಹೇಳಿಬಿಡುತ್ತಾರೆ. ಗಾಬರಿಯಲ್ಲಿ ನಾಲಿಗೆ ತಪ್ಪುವುದು ನುರಿತವರಿಗೂ ಸಹಜ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಸೋತಾಗ ಕ್ಯಾಪ್ಟನ್ ಸಲೆನ್‌ಬರ್ಗರ್ ಮೂರು ಸಲ ಮೇಡೇ ಎಂದರು, ಬೆನ್ನಿಗೇ ತಮ್ಮ ವಿಮಾನದ ಸಂಖ್ಯೆಯನ್ನು 1549 ಎನ್ನುವ ಬದಲು 1539 ಎಂದುಬಿಟ್ಟರು. ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ ಒಳಗಿದ್ದ 155 ಮಂದಿಯನ್ನೂ ಉಳಿಸಿದವರು ಅವರೇ.

ಮೇಡೇ ಕೇಳಿಸಿತೆಂದರೆ ಆ ಅಲೆಯಲ್ಲಿ ಉಳಿದವರೆಲ್ಲ ಬಾಯಿ ಮುಚ್ಚಬೇಕು. ಹಡಗುಗಳ ರೇಡಿಯೊದಲ್ಲಿ ಇದಕ್ಕೂ ಫ್ರೆಂಚ್ ಉಚ್ಚಾರದ ಆಜ್ಞೆ ಇದೆ, ‘ಸೀಲಾನ್ಸ್ ಮೇಡೇ’. ಸಂಕಟ ಮುಗಿಯಿತು ಎನ್ನಲು ‘ಸೀಲಾನ್ಸ್ ಫೀನೀ’. ಅಪಾಯವಿದೆ, ಆದರೆ ಪ್ರಾಣ ಹೋಗುವಂಥದ್ದಲ್ಲ ಎನ್ನುವಾಗ ‘ಪ್ಯಾನ್ ಪ್ಯಾನ್’ ಎಂಬ ಇನ್ನೊಂದು ಕರೆ. ಅದು ಯಂತ್ರ ಕೆಟ್ಟಿದೆ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. 2025ರ ಜುಲೈನಲ್ಲಿ ದೆಹಲಿಯಿಂದ ಗೋವಾಕ್ಕೆ ಹೊರಟ ವಿಮಾನವೊಂದರ ಒಂದು ಎಂಜಿನ್ನಿನಲ್ಲಿ ತೊಂದರೆಯಾದಾಗ ಪೈಲಟ್ ಕೊಟ್ಟದ್ದು ಇದೇ ಕರೆ. ವಿಮಾನ ಮುಂಬೈಯಲ್ಲಿ ಸುರಕ್ಷಿತವಾಗಿ ಇಳಿಯಿತು.

ಹಳೆಯ ಹಡಗುಗಳ ರೇಡಿಯೊ ಕೋಣೆಯ ಗೋಡೆ ಗಡಿಯಾರಗಳನ್ನು ಕಡಲ ವಸ್ತುಸಂಗ್ರಹಾಲಯಗಳಲ್ಲಿ ಈಗಲೂ ನೋಡಬಹುದು. ಮುಖದ ಮೇಲೆ ನಾಲ್ಕು ಬಣ್ಣದ ಹೋಳುಗಳಿರುತ್ತವೆ. ಗಂಟೆಯ 15ರಿಂದ 18, 45ರಿಂದ 48ನೇ ನಿಮಿಷದವರೆಗೆ ಕೆಂಪು. ಗಂಟೆ ಹೊಡೆದ ಮೊದಲ ಮೂರು ನಿಮಿಷ, ಅರ್ಧ ಗಂಟೆಯ ನಂತರದ ಮೂರು ನಿಮಿಷ ಹಸಿರು. ಮುಳ್ಳು ಕೆಂಪಿನ ಮೇಲಿದ್ದಾಗ ಮೋರ್ಸ್‌ನ 500 ಕಿಲೋಹರ್ಟ್ಸ್ ಅಲೆಯಲ್ಲಿ, ಹಸಿರಿನ ಮೇಲಿದ್ದಾಗ ಮಾತಿನ 2182 ಕಿಲೋಹರ್ಟ್ಸ್ ಅಲೆಯಲ್ಲಿ ಯಾರೂ ಏನೂ ಕಳಿಸುವಂತಿಲ್ಲ, ಬರಿದೇ ಕಿವಿಗೊಡಬೇಕು. ಎಲ್ಲೋ ಕ್ಷೀಣವಾಗಿ ಯಾರಾದರೂ ಕೂಗುತ್ತಿದ್ದರೆ ಆ ಮೂರು ನಿಮಿಷದಲ್ಲಾದರೂ ಕೇಳಲಿ ಎಂದು ಪ್ರಪಂಚದ ಹಡಗುಗಳೆಲ್ಲ ಗಂಟೆಗಂಟೆಗೂ ಹೀಗೆ ಸುಮ್ಮನಾಗುತ್ತಿದ್ದವು. ಟೈಟಾನಿಕ್‌ನ ರಾತ್ರಿ ಕಲಿಸಿದ್ದನ್ನು ಗಡಿಯಾರದ ಮುಖಕ್ಕೇ ಬರೆದಂತಿತ್ತು ಅದು.

ಸಂಕೋಚದ ಬೆಲೆ

ಈ ಪದದ ತೂಕ ಎಷ್ಟೆಂದು ತಿಳಿಯಬೇಕಾದರೆ ಅದನ್ನು ಹೇಳದೆ ಹೋದವರ ಕತೆ ಕೇಳಬೇಕು. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ 52 ವಿಮಾನ 158 ಮಂದಿಯನ್ನು ಹೊತ್ತು ಮೆಡೆಲಿನ್‌ನಿಂದ ನ್ಯೂಯಾರ್ಕಿಗೆ ಬರುತ್ತಿತ್ತು. ಹವೆ ಕೆಟ್ಟಿತ್ತು, ವಿಮಾನಗಳು ಸಾಲುಗಟ್ಟಿದ್ದವು. ಮೂರು ಕಡೆ ಸುತ್ತು ಹಾಕುತ್ತ ಕಾಯಲು ಹೇಳಿದರು; ಒಟ್ಟು ಕಾದದ್ದು 1 ಗಂಟೆ 17 ನಿಮಿಷ. ಇಂಧನ ಮುಗಿಯುತ್ತ ಬಂದಾಗ ರೇಡಿಯೊದಲ್ಲಿದ್ದ ಸಹ ಪೈಲಟ್ ತಮಗೆ ಆದ್ಯತೆ ಬೇಕು ಎಂದರು. ಸ್ಪ್ಯಾನಿಷ್ ಬಲ್ಲವರ ಮನಸ್ಸಿನಲ್ಲಿ ಆ ಪದಕ್ಕಿದ್ದ ತುರ್ತು ನ್ಯೂಯಾರ್ಕಿನ ನಿಯಂತ್ರಕರ ಕಿವಿಗೆ ತಾಗಲಿಲ್ಲ. ಆ ಸಂಜೆ ಎಲ್ಲರಿಗೂ ಆದ್ಯತೆ ಬೇಕಾಗಿತ್ತು.

ಮೊದಲ ಸಲ ಇಳಿಯುವ ಯತ್ನ ಬಿರುಗಾಳಿಯಿಂದ ಕೈತಪ್ಪಿತು. ಮತ್ತೆ ಮೇಲೇರುವಾಗ ಕ್ಯಾಪ್ಟನ್, ನಾವು ಎಮರ್ಜೆನ್ಸಿಯಲ್ಲಿದ್ದೇವೆಂದು ಅವರಿಗೆ ಹೇಳು ಎಂದದ್ದು ವಿಮಾನದ ಧ್ವನಿ ದಾಖಲೆಯಲ್ಲಿದೆ. ಸಹ ಪೈಲಟ್ ನಿಯಂತ್ರಕರಿಗೆ ಹೇಳಿದ್ದು, ಮತ್ತೊಮ್ಮೆ ಯತ್ನಿಸುತ್ತೇವೆ, ಇಂಧನ ಮುಗಿಯುತ್ತಿದೆ ಎಂದು. ಮಾತಿನ ಕೊನೆಗೆ ಸೌಜನ್ಯಕ್ಕೆಂಬಂತೆ ಸೇರಿಸಿದ ಒಂದು ಸಂಗತಿಯಾಗಿ ಅದು ಕೇಳಿಸಿತು. ಎಮರ್ಜೆನ್ಸಿ ಎಂಬ ಪದವೂ ಹೋಗಲಿಲ್ಲ, ಮೇಡೇ ಎಂಬ ಪದವೂ ಹೋಗಲಿಲ್ಲ. ಕೆಲವೇ ನಿಮಿಷದಲ್ಲಿ ನಾಲ್ಕೂ ಎಂಜಿನ್ ಒಂದರ ಹಿಂದೊಂದು ನಿಂತು ವಿಮಾನ ಲಾಂಗ್ ಐಲೆಂಡಿನ ಕೋವ್ ನೆಕ್ ಎಂಬ ಊರಿನ ಗುಡ್ಡಕ್ಕೆ ಬಿತ್ತು. ಬೆಂಕಿ ಹತ್ತಲಿಲ್ಲ, ಹತ್ತಲು ಇಂಧನವೇ ಇರಲಿಲ್ಲ. 73 ಮಂದಿ ಸತ್ತರು. ತುರ್ತನ್ನು ಘೋಷಿಸದೆ ಹೋದದ್ದನ್ನು ತನಿಖೆ ಕಾರಣಗಳಲ್ಲಿ ಒಂದಾಗಿ ಎತ್ತಿ ಹೇಳಿತು, ಇಂಧನದ ಕೊರತೆಯನ್ನು ಹೇಳಲು ಎಲ್ಲರೂ ಒಪ್ಪಿದ ಮಾತುಗಳಿಲ್ಲದ್ದನ್ನೂ ಬೊಟ್ಟುಮಾಡಿತು.

ಈಗ ಆ ಮಾತುಗಳಿವೆ. ಇಳಿದಾಗ ಟ್ಯಾಂಕಿನಲ್ಲಿ ಉಳಿಯಲೇಬೇಕಾದ ಕೊನೆಯ ಮೀಸಲಿಗೂ ಕೈಹಾಕಬೇಕಾದೀತು ಎಂದು ಲೆಕ್ಕ ಹೇಳಿದರೆ ಪೈಲಟ್ ‘ಮೇಡೇ ಫ್ಯೂಯೆಲ್’ ಎನ್ನಲೇಬೇಕು. 2025ರ ಜೂನ್‌ನಲ್ಲಿ ಗುವಾಹಟಿಯಿಂದ ಚೆನ್ನೈಗೆ ಹೋದ ವಿಮಾನವೊಂದು ಅಲ್ಲಿ ಇಳಿಯಲಾಗದೆ ಬೆಂಗಳೂರಿನ ಕಡೆ ತಿರುಗಿತು. ನಿಲ್ದಾಣ ಸಮೀಪಿಸುವ ಮೊದಲು ಪೈಲಟ್ ಇಂಧನದ ಮೇಡೇ ಕೊಟ್ಟರು, ದಾರಿ ತೆರವಾಯಿತು, ವಿಮಾನ ಸುರಕ್ಷಿತವಾಗಿ ಇಳಿಯಿತು. ಕೆಲವು ಚಾನೆಲ್‌ಗಳಿಗೆ ಅದು ಗಂಡಾಂತರದ ಸುದ್ದಿಯಾಗಿ ಕಂಡಿತು. ಕಟ್ಟಳೆ ಹೇಗೆ ಕೆಲಸ ಮಾಡಬೇಕೋ ಹಾಗೆ ಮಾಡಿದ ಸುದ್ದಿ ಅದು.

ಹೊತ್ತಿಗೆ ಸರಿಯಾಗಿ ಕೂಗಿದರೆ ಕೂಗಿದವರಲ್ಲದವರೂ ಉಳಿಯುತ್ತಾರೆ. 2024ರ ಮಾರ್ಚ್ 26ರ ನಸುಕಿನಲ್ಲಿ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಕೊಲಂಬೊಗೆ ಹೊರಟ ‘ಡಾಲಿ’ ಎಂಬ ಸರಕು ಹಡಗಿನ ವಿದ್ಯುತ್ ಕೈಕೊಟ್ಟಿತು. ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು. ಹಡಗು ಸೇತುವೆಯ ಕಂಬದತ್ತ ಸರಿಯುತ್ತಿದ್ದಂತೆ ಹಡಗಿಗೆ ದಾರಿ ತೋರುತ್ತಿದ್ದ ಬಂದರಿನ ಪೈಲಟ್ ರೇಡಿಯೊದಲ್ಲಿ ಕೂಗಿಕೊಂಡರು. ಸುದ್ದಿ ದಡದ ಕಚೇರಿಯಿಂದ ಪೊಲೀಸರಿಗೆ ಹೋಯಿತು. ಸೇತುವೆಯ ಎರಡೂ ತುದಿಯಲ್ಲಿ ವಾಹನ ತಡೆಯುವುದಕ್ಕೂ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಮುರಿದು ಬೀಳುವುದಕ್ಕೂ ನಡುವೆ ಇದ್ದದ್ದು ನಿಮಿಷಗಳ ಅಂತರ. ದಾರಿಯಲ್ಲಿ ಹೋಗುವ ಕಾರುಗಳಾವುವೂ ನೀರಿಗೆ ಬೀಳಲಿಲ್ಲ. ಸೇತುವೆಯ ಮೇಲೆ ರಾತ್ರಿ ಪಾಳಿಯಲ್ಲಿ ರಸ್ತೆ ರಿಪೇರಿ ಮಾಡುತ್ತಿದ್ದ ಆರು ಕೂಲಿಕಾರರನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಸರಪಳಿಯ ಕೊನೆಯ ಕೊಂಡಿ ಅವರನ್ನು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು.

ಬೆಂಗಳೂರಿಗೆ ಬರುವ ಕೂಗು

ಹೇಳಲು ಬಾಯಿಯೇ ಇಲ್ಲದ ಹೊತ್ತೂ ಬರುತ್ತದೆ. ಹಡಗು ಮಗುಚಿದರೆ, ವಿಮಾನ ಕಾಡಿಗೆ ಬಿದ್ದರೆ ಯಾರು ಕೂಗಬೇಕು? ಅದಕ್ಕಾಗಿ ಅಮೆರಿಕ, ಸೋವಿಯತ್ ರಷ್ಯಾ, ಕೆನಡಾ, ಫ್ರಾನ್ಸ್ ಸೇರಿ ಕೋಸ್ಪಾಸ್-ಸಾರ್ಸ್ಯಾಟ್ ಎಂಬ ಉಪಗ್ರಹ ವ್ಯವಸ್ಥೆ ಕಟ್ಟಿದವು. ಅಮೆರಿಕ ರಷ್ಯಾಗಳ ನಡುವೆ ಶೀತಲ ಸಮರ ಜೋರಾಗಿದ್ದ ಕಾಲ ಅದು. 1982ರ ಸೆಪ್ಟೆಂಬರಿನಲ್ಲಿ ಕೆನಡಾದ ಬೆಟ್ಟಗಾಡಿನಲ್ಲಿ ಬಿದ್ದ ಸಣ್ಣ ವಿಮಾನವೊಂದರ ಮೂವರನ್ನು ಹುಡುಕಿಕೊಟ್ಟದ್ದು ಸೋವಿಯತ್ ಉಪಗ್ರಹ.

ಹಡಗುಗಳ ಮೇಲೆ ಕಟ್ಟಿರುವ ಬೀಕನ್ ಎಂಬ ಸಣ್ಣ ಯಂತ್ರ ನೀರಿನಲ್ಲಿ ಕೆಲವು ಮೀಟರ್ ಇಳಿಯುತ್ತಿದ್ದಂತೆ ನೀರಿನ ಒತ್ತಡಕ್ಕೆ ತಾನೇ ಕಳಚಿಕೊಂಡು ಮೇಲೆ ತೇಲುತ್ತದೆ. 406 ಮೆಗಾಹರ್ಟ್ಸ್ ಅಲೆಯಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ ತನ್ನ ಗುರುತು ಕಳಿಸುತ್ತ ಹೋಗುತ್ತದೆ. ಆ ಗುರುತಿನಲ್ಲಿ ದೇಶದ ಸಂಖ್ಯೆಯೂ ಇರುತ್ತದೆ. ಭಾರತದ್ದು 419. ಭಾರತದ ಪಾಲಿಗೆ ಈ ಕೂಗು ಬಂದು ಮುಟ್ಟುವ ಜಾಗ ಬೆಂಗಳೂರು. ಇಸ್ರೋದ ಇಸ್ಟ್ರ್ಯಾಕ್ ಎಂಬ ಘಟಕದಲ್ಲಿರುವ ನಿಯಂತ್ರಣ ಕೇಂದ್ರ ಅದನ್ನು ಬಿಡಿಸಿ ಓದಿ, ಕಡಲಿನದಾದರೆ ಕರಾವಳಿ ಕಾವಲು ಪಡೆಗೂ ವಿಮಾನದ್ದಾದರೆ ವಿಮಾನ ನಿಲ್ದಾಣ ಪ್ರಾಧಿಕಾರದ ರಕ್ಷಣಾ ಕೇಂದ್ರಗಳಿಗೂ ದಾಟಿಸುತ್ತದೆ. ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್, ನೇಪಾಳ, ಸೀಷೆಲ್ಸ್, ಶ್ರೀಲಂಕಾ, ತಾಂಜಾನಿಯಾಗಳ ಕೂಗನ್ನೂ ಈ ಕೇಂದ್ರವೇ ಕೇಳಿಸಿಕೊಳ್ಳುತ್ತದೆ. ಕಡಲೇ ಇಲ್ಲದ ಊರಿನಲ್ಲಿ ಹಿಂದೂ ಮಹಾಸಾಗರಕ್ಕೆ ಹಗಲಿರುಳು ಕಿವಿಗೊಟ್ಟು ಕೂತ ಜನರಿದ್ದಾರೆ ಎಂಬುದು ಬೆಂಗಳೂರಿನವರಲ್ಲೇ ಹೆಚ್ಚಿನವರಿಗೆ ಗೊತ್ತಿರಲಾರದು.

ದೊಡ್ಡ ಹಡಗುಗಳಿಗೆ 1993ರ ಆಗಸ್ಟ್ 1ರಿಂದ ಇಂಥ ಸಲಕರಣೆ ಕಡ್ಡಾಯ. ನಮ್ಮ ಕರಾವಳಿಯ ಚಿಂತೆ ಮೀನುಗಾರಿಕೆಯ ದೋಣಿಗಳದ್ದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಮೀನುಗಾರರು ಹೆದ್ದಾರಿಗಿಳಿದು ಪ್ರತಿಭಟಿಸಿದರು, ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಿನ ತಳದಲ್ಲಿ ನೌಕಾಪಡೆಯ ಹಡಗಿಗೆ ಸಿಕ್ಕಾಗ 2019ರ ಮೇ ತಿಂಗಳಾಗಿತ್ತು. ಎಲ್ಲಿ ಹುಡುಕಬೇಕೆಂದು ಮೊದಲ ದಿನವೇ ಗೊತ್ತಿದ್ದಿದ್ದರೆ ಆ ಏಳು ಮನೆಗಳು ಅಷ್ಟು ದಿನ ಬಾಗಿಲು ನೋಡುತ್ತ ಕೂರಬೇಕಾಗಿರಲಿಲ್ಲ.

ಇಂಥ ದೋಣಿಗಳಿಗೆಂದೇ ಇಸ್ರೋ ಮಾಡಿದ ಡಿಎಟಿ ಎಂಬ ಪುಟ್ಟ ಯಂತ್ರ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಬೆಂಕಿ ಬಿದ್ದಿದೆ, ಬೋಟು ಮುಳುಗುತ್ತಿದೆ, ವೈದ್ಯರು ಬೇಕು ಎಂಬಂಥ ಸುದ್ದಿ ಜಾಗದ ಗುರುತಿನೊಂದಿಗೆ ಉಪಗ್ರಹದ ಮೂಲಕ ಹೋಗುತ್ತದೆ. ಹಳೆಯ ಯಂತ್ರದಲ್ಲಿ ಒಂದು ಕೊರತೆಯಿತ್ತು. ಗುಂಡಿ ಒತ್ತಿದ ತಾಂಡೇಲನಿಗೆ, ಅಂದರೆ ಬೋಟಿನ ಮುಖ್ಯಸ್ಥನಿಗೆ, ತನ್ನ ಕೂಗು ಯಾರಿಗಾದರೂ ಮುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎರಡನೇ ಪೀಳಿಗೆಯ ಯಂತ್ರದಲ್ಲಿ, ಕೇಳಿಸಿತು, ಬರುತ್ತಿದ್ದೇವೆ ಎಂಬ ಮರುಸುದ್ದಿ ಬೋಟಿಗೇ ಬರುತ್ತದೆ. ಮುಳುಗುವ ಬೋಟಿನಲ್ಲಿ ರಾತ್ರಿ ಕಳೆಯಬೇಕಾದವನಿಗೆ ಆ ಒಂದು ಸಾಲು ಎಷ್ಟು ದೊಡ್ಡದೆಂದು ದಡದಲ್ಲಿ ಕೂತು ಅಳೆಯಲಾಗದು.

ಸಿಕ್ಯೂಡಿಯಿಂದ ಇಲ್ಲಿಯವರೆಗಿನ ನೂರಿಪ್ಪತ್ತು ವರ್ಷದಲ್ಲಿ ಕೂಗುವ ಬಗೆ ಮತ್ತೆ ಮತ್ತೆ ಬದಲಾಗಿದೆ. ಪ್ರತಿ ಸಲವೂ ಸುಧಾರಿಸಬೇಕಾಗಿ ಬಂದದ್ದು ಕೇಳಿಸಿಕೊಳ್ಳುವ ತುದಿ. ಮಲಗಿದ ತಂತಿಯಾಳು, ಕೇಳಿಸದ ಎಸ್, ಆದ್ಯತೆ ಎಂಬುದನ್ನು ಹಗುರಾಗಿ ಕೇಳಿಸಿಕೊಂಡ ಕಿವಿ, ಮರುಸುದ್ದಿ ಕೊಡದ ಯಂತ್ರ: ಒಂದೊಂದಕ್ಕೂ ಒಂದೊಂದು ತಿದ್ದುಪಡಿ ಬಂತು. ‘ಮೇಡೇ’ ಎಂಬ ಎರಡಕ್ಷರಕ್ಕೆ ಬಲ ಬಂದಿರುವುದು, ಅದು ಕಿವಿಗೆ ಬಿದ್ದ ಮೇಲೆ ಕೈಕಟ್ಟಿ ಕೂರುವಂತಿಲ್ಲ ಎಂದು ಎಲ್ಲ ದೇಶಗಳೂ ಒಪ್ಪಿರುವುದರಿಂದ. ಅದಕ್ಕಾಗಿಯೇ ಸುಳ್ಳು ಮೇಡೇ ಹಲವು ದೇಶಗಳಲ್ಲಿ ಜೈಲಿಗೆ ಕಳಿಸುವ ಅಪರಾಧ.

ಕಡಲಿಗಿಳಿಯುವವರು ಮೂರು ಕೆಲಸ ಮಾಡಬೇಕು. ಬೋಟಿನಲ್ಲಿರುವ ಬೀಕನ್ ಅಥವಾ ಡಿಎಟಿ ನಿಮ್ಮ ಹೆಸರಿನಲ್ಲಿ, ಈಗಿನ ಫೋನ್ ನಂಬರಿನೊಂದಿಗೆ ನೋಂದಣಿಯಾಗಿದೆಯೇ ನೋಡಿಕೊಳ್ಳಿ. ತಾಂಡೇಲನಿಗಷ್ಟೇ ಅಲ್ಲ, ಅಡುಗೆಯವನಿಗೂ ರೇಡಿಯೊದ 16ನೇ ಚಾನೆಲ್‌ನಲ್ಲಿ ಮೇಡೇ ಹೇಳುವ ಕ್ರಮ ಕಲಿಸಿ. ಪರಿಸ್ಥಿತಿ ಕೈಮೀರುತ್ತಿದೆ ಎನಿಸಿದಾಗಲೇ, ನಾಚಿಕೆಪಡದೆ ಕೂಗಿ. ದಡದಲ್ಲಿರುವವರು ನೆನಪಿಟ್ಟುಕೊಳ್ಳಬೇಕಾದ ನಂಬರು ಒಂದು: ಕಡಲಿನಲ್ಲಿ ಯಾರಾದರೂ ಅಪಾಯದಲ್ಲಿದ್ದಾರೆಂದು ತಿಳಿದರೆ ಕರಾವಳಿ ಕಾವಲು ಪಡೆಯ ಉಚಿತ ಸಂಖ್ಯೆ 1554.